ವೈಸ್‌ರಾಯ್ ಸೌಧದಲ್ಲಿ ಒಂದು ರಾತ್ರಿ

ನಿವೃತ್ತನಾದ ವರ್ಷ ಮಕ್ಕಳ ಒತ್ತಾಯಕ್ಕೆ ಮಣಿದು ಮೈಸೂರಿನ ಲಲಿತಮಹಲ್ ಅರಮನೆಯಲ್ಲಿ ಒಂದು ರಾತ್ರಿ ತಂಗಿದ್ದೆವು. ವೈಸ್‌ರಾಯ್ ಅವರ ವಾಸ್ತವ್ಯಕ್ಕೆಂದು ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಅಡಿಗಲ್ಲಿಟ್ಟು ಕಟ್ಟಿಸಿದ ಸೌಧವಿದು, 1974ರಲ್ಲಿ ಹೋಟೆಲಾಯಿತು.

ಅಮೃತಶಿಲೆಯ ಮೆಟ್ಟಿಲೇರುವಾಗ ನೆನಪಾದುದು ನಮ್ಮ ತರೀಕೆರೆ. 1830ರ ನಗರ ದಂಗೆಯಲ್ಲಿ ರೈತರೊಡನೆ ತರೀಕೆರೆಯ ಪಾಳೆಯಗಾರರೂ ಎದ್ದು ನಿಂತರು. ಆ ದಂಗೆಯ ಕಾರಣವನ್ನೇ ಮುಂದೊಡ್ಡಿ ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ವಶಪಡಿಸಿಕೊಂಡು 50 ವರ್ಷ ಹಿಡಿದಿಟ್ಟುಕೊಂಡರು. 1881ರಲ್ಲಿ ರಾಜ್ಯ ಮರಳಿತು. ಅವರನ್ನು ಓಲೈಸುವ ಅನಿವಾರ್ಯ ಮಾತ್ರ ಉಳಿಯಿತು. ಈ ಸೌಧದ ವೈಭವದಲ್ಲಿ ಆ ಅನಿವಾರ್ಯದ ನೆರಳೂ ಇದೆಯೆಂದು ನನ್ನ ಭಾವನೆ.

ದಂಗೆಯೆದ್ದವರ ಊರಿನ ಮೇಷ್ಟರೊಬ್ಬರು ಅಂದು ಅಲ್ಲಿ ನಿಶ್ಚಿಂತೆಯಿಂದ ನಿದ್ರಿಸಿದರು. ವಿದ್ಯಾರ್ಥಿಗಳೇ, ಇತಿಹಾಸದ ಪಾಠ ಇದಕ್ಕಿಂತ ಬೇರೇನಿದೆ?