ಬೋರ್‌ವೆಲ್ ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುತ್ತದೆಯೇ?

ಬೋರ್‌ವೆಲ್ ನೀರನ್ನು ಚೆನ್ನಾಗಿ ಕುದಿಸಿ, ಸೋಸಿ ಕುಡಿದರೆ ಯಾವ ತೊಂದರೆಯೂ ಇಲ್ಲ ಎಂದು ಅನೇಕರು ನಂಬಿದ್ದಾರೆ. ಇದು ಅರ್ಧ ಮಾತ್ರ ನಿಜ. ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಆದರೆ ನೀರಿನಲ್ಲಿ ಕರಗಿರುವ ಫ್ಲೋರೈಡ್ ಆವಿಯಾಗಿ ಹೋಗುವುದಿಲ್ಲ.

ಒಂದು ಲೆಕ್ಕ ನೋಡಿ. ಲೀಟರಿಗೆ 2 ಮಿ.ಗ್ರಾಂ ಫ್ಲೋರೈಡ್ ಇರುವ 5 ಲೀಟರ್ ನೀರು ಕುದಿದು 4 ಲೀಟರಿಗೆ ಇಳಿದರೆ, ಉಳಿದ ನೀರಿನಲ್ಲಿ ಅದು ಲೀಟರಿಗೆ 2.5 ಮಿ.ಗ್ರಾಂ ಆಗುತ್ತದೆ. ಅಂದರೆ ಕಡಿಮೆಯಾಗುವ ಬದಲು ಹೆಚ್ಚಾಯಿತು.

ಫ್ಲೋರೈಡ್ ಎಲ್ಲಿಂದ ಬರುತ್ತದೆ?

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದಂತಹ ಕಡೆ ಇದರ ಮುಖ್ಯ ಮೂಲ ಕಾರ್ಖಾನೆಯಲ್ಲ, ನೆಲದಡಿಯ ಬಂಡೆ. ಗ್ರಾನೈಟ್‌ನಂತಹ ಶಿಲೆಗಳ ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಅದು ಸೇರಿಕೊಳ್ಳುತ್ತದೆ. ಬಣ್ಣ, ವಾಸನೆ, ರುಚಿಯಿಂದ ಗೊತ್ತಾಗುವುದಿಲ್ಲ.

ಎಷ್ಟಾದರೆ ಹೆಚ್ಚು?

ಭಾರತೀಯ ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು. ಬೇರೆ ನೀರಿಲ್ಲದಿದ್ದರೆ 1.5 ಮಿ.ಗ್ರಾಂವರೆಗೆ ಅವಕಾಶವಿದೆ. ಇದಕ್ಕಿಂತ ಹೆಚ್ಚಿದ್ದರೆ, ಹಲ್ಲು ಬೆಳೆಯುವ ವಯಸ್ಸಿನ ಮಕ್ಕಳಿಗೆ ಹಲ್ಲಿನ ಮೇಲೆ ಬಿಳಿ ಪಟ್ಟೆ, ಕಂದು ಕಲೆ ಬರಬಹುದು. ಬಹಳ ಹೆಚ್ಚು ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಕೀಲು ಬಿಗಿಯುತ್ತದೆ, ಮೂಳೆ ವಿಕಾರವಾಗುತ್ತದೆ. ಹಾಗೆ ವಿಕಾರವಾದ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ.

ಯಾವ ಫಿಲ್ಟರ್ ಕೆಲಸ ಮಾಡುತ್ತದೆ?

• ಕ್ಯಾಂಡಲ್ ಫಿಲ್ಟರ್: ಕೆಸರು, ಕೆಲವು ರೋಗಾಣುಗಳನ್ನು ತಡೆಯುತ್ತದೆ, ಫ್ಲೋರೈಡ್ ತೆಗೆಯದು.
• ಯುವಿ: ರೋಗಾಣುಗಳನ್ನು ನಿಷ್ಕ್ರಿಯಗೊಳಿಸುತ್ತದೆ, ಫ್ಲೋರೈಡ್ ತೆಗೆಯದು.
• ಆರ್‌ಒ: ಫ್ಲೋರೈಡ್‌ನ ಬಹುಪಾಲು ತೆಗೆಯುತ್ತದೆ. ಪೊರೆಯನ್ನು ಕಾಲಕಾಲಕ್ಕೆ ಬದಲಿಸಬೇಕು. ಹೊರಬಿಡುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಅದನ್ನು ಅಡುಗೆಗೆ ಬಳಸಬೇಡಿ. ನೆಲ ಒರೆಸಲು, ಶೌಚಾಲಯಕ್ಕೆ ಸಾಕು.
• ಆಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್: ಫ್ಲೋರೈಡ್ ಹೀರಿಕೊಳ್ಳುತ್ತದೆ, ಅದರ ಸಾಮರ್ಥ್ಯ ಮುಗಿದಾಗ ಪುನಶ್ಚೇತನ ಮಾಡಿಸಬೇಕು.

ಟಿಡಿಎಸ್ ಮೀಟರ್ ನಂಬಬಹುದೇ?

ಫಿಲ್ಟರ್ ಮಾರುವವರು ತೋರಿಸುವ ಟಿಡಿಎಸ್ ಮೀಟರ್ ಕರಗಿದ ಲವಣಗಳ ಒಟ್ಟು ಅಂದಾಜನ್ನಷ್ಟೇ ಹೇಳುತ್ತದೆ. ಟಿಡಿಎಸ್ ಕಡಿಮೆ ಇರುವ ನೀರಿನಲ್ಲೂ ಫ್ಲೋರೈಡ್ ಮಿತಿ ಮೀರಿರಬಹುದು. ಆದ್ದರಿಂದ ಮೊದಲು ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಆಮೇಲೆ ಫಿಲ್ಟರ್ ಕೊಳ್ಳಿ. ಫ್ಲೋರೈಡ್ ಜೊತೆಗೆ ನೈಟ್ರೇಟ್ ಪರೀಕ್ಷೆಯನ್ನೂ ಕೇಳಿ. ಅದು ಕೂಡ ಕುದಿಸಿದರೆ ಹೋಗದು.

ನೆನಪಿಡಿ: ಶುದ್ಧ ನೀರು ಕುಡಿಯಲು ಮಾತ್ರವಲ್ಲ, ಅನ್ನ, ಸಾರು, ಮುದ್ದೆಗೂ ಬೇಕು. ಶುಚಿಯಾದ ಚಾವಣಿಯಿಂದ ಹಿಡಿದ ಮಳೆನೀರಿನಲ್ಲಿ ಫ್ಲೋರೈಡ್ ತೀರಾ ಕಡಿಮೆ. ಅದನ್ನು ಸೋಸಿ, ಕುದಿಸಿ ಬಳಸಬಹುದು.