ಇಂಟರ್‌ನೆಟ್ ಫೋನ್ ಅಡಾಪ್ಟರ್: ಹುಣಸೂರು ಸೀಮೆಯ ಮನೆಗಳಲ್ಲಿ ಆಯ್ಕೆ ಮತ್ತು ಖರೀದಿ

ಮನೆಯಲ್ಲಿರುವ ಹಳೆಯ ಟೆಲಿಫೋನನ್ನು ಇಂಟರ್‌ನೆಟ್ ಸಂಪರ್ಕಕ್ಕೆ ಜೋಡಿಸುವ ಅಂಗೈಯಗಲದ ಪೆಟ್ಟಿಗೆ. ತಂತ್ರಜ್ಞರು ಇದನ್ನು ಎಟಿಎ ಎನ್ನುತ್ತಾರೆ. ಒಂದು ತೂತಿಗೆ ರೂಟರಿನಿಂದ ಬರುವ ದಪ್ಪ ಕೇಬಲ್, ಇನ್ನೊಂದಕ್ಕೆ ಫೋನಿನ ತೆಳು ವೈರು, ಮೂರನೆಯದಕ್ಕೆ ಕರೆಂಟಿನ ಪಿನ್ನು. ಹೊರಗಿನಿಂದ ಕಾಣುವುದು ಇಷ್ಟೇ. ಹುಣಸೂರಿನ ಅಂಗಡಿಯಲ್ಲಿ ಬರೀ ‘ಅಡಾಪ್ಟರ್ ಕೊಡಿ’ ಎಂದರೆ ಚಾರ್ಜರ್ ಕೈಗೆ ಬರುತ್ತದೆ. ‘ಲ್ಯಾಂಡ್‌ಲೈನ್ ಫೋನನ್ನು ನೆಟ್‌ಗೆ ಹಾಕುವ ಬಾಕ್ಸ್’ ಎಂದು ಬಿಡಿಸಿ ಹೇಳಬೇಕು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ಕಡೆಯ ಮನೆಗಳ ಮಟ್ಟಿಗೆ ಒಂದು ಮಾತನ್ನು ಮೊದಲೇ ಹೇಳಿಬಿಡಬಹುದು: ಫೈಬರ್ ಸಂಪರ್ಕ ಪಡೆದ ಮನೆಗೆ ಬೇರೆ ಅಡಾಪ್ಟರ್ ಬೇಕಾಗುವುದು ಅಪರೂಪ. ಕಂಪನಿ ಗೋಡೆಗೆ ಹೊಡೆದುಹೋದ ಬಿಳಿ ಪೆಟ್ಟಿಗೆಯ ಹೊಟ್ಟೆಯಲ್ಲೇ ಆ ಅಡಾಪ್ಟರ್ ಕೂತಿರುತ್ತದೆ. ಅದನ್ನು ನೋಡದೆ ಆನ್‌ಲೈನಿನಲ್ಲಿ ಇನ್ನೊಂದನ್ನು ತರಿಸುವುದು ದುಡ್ಡು ದಂಡ.

ಕೆಲಸ ಮಾಡುವ ಬಗೆ

ತಾಮ್ರದ ತಂತಿಯ ಕಾಲದಲ್ಲಿ ಫೋನಿಗೆ ಬೇಕಾದ ಕರೆಂಟು ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ರಿಸೀವರ್ ಎತ್ತುವ ಮುನ್ನ ತಂತಿಯಲ್ಲಿ ಸುಮಾರು 48 ವೋಲ್ಟ್ ಇರುತ್ತಿತ್ತು. ಗಂಟೆ ಬಾರಿಸಲು 75 ವೋಲ್ಟಿನ ಆಸುಪಾಸಿನ ಪರ್ಯಾಯ ವಿದ್ಯುತ್ ಹರಿಯುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನ್ ಮಾತಾಡುತ್ತಿದ್ದುದು ಇದರಿಂದಲೇ. ಅಡಾಪ್ಟರ್ ಮನೆಯೊಳಗೇ ಒಂದು ಪುಟ್ಟ ಎಕ್ಸ್‌ಚೇಂಜಿನ ವೇಷ ಹಾಕುತ್ತದೆ. ಡಯಲ್ ಟೋನ್ ಕೊಡುವುದು, ಗಂಟೆ ಬಾರಿಸುವುದು, ಒತ್ತಿದ ಅಂಕಿಯನ್ನು ಗುರುತಿಸುವುದು ಎಲ್ಲ ಅದರದೇ ಕೆಲಸ. ಮಾತನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟಿ ಇಂಟರ್‌ನೆಟ್ಟಿಗೆ ಬಿಡುತ್ತದೆ. ಕರೆ ಕಟ್ಟುವ, ಮುರಿಯುವ ಕಟ್ಟಳೆಗೆ ‘ಸಿಪ್’ ಎಂದು ಹೆಸರು. ಇಂದು ಬಳಕೆಯಲ್ಲಿರುವ ಅದರ ರೂಪ 2002ರದು.

ಮಾತನ್ನು ಅಂಕಿಗಿಳಿಸುವ ವಿಧಾನಗಳಲ್ಲಿ ಮನೆಬಳಕೆಗೆ ಎರಡು ಗೊತ್ತಿದ್ದರೆ ಸಾಕು. ಜಿ.711 ಎಂಬುದು ಸೆಕೆಂಡಿಗೆ 64 ಕಿಲೋಬಿಟ್ ತಿನ್ನುತ್ತದೆ. ಪೊಟ್ಟಣದ ಮೇಲಿನ ವಿಳಾಸ ಗಿಳಾಸ ಸೇರಿದರೆ ಒಂದು ದಿಕ್ಕಿಗೆ 90ರ ಹತ್ತಿರ. ಒಂದು ಗಂಟೆ ಹರಟಿದರೆ ಎರಡೂ ದಿಕ್ಕಿನದು ಸೇರಿ ಸುಮಾರು 80 ಎಂಬಿ. ಜಿ.729 ಎಂಬುದು 8 ಕಿಲೋಬಿಟ್‌ನಲ್ಲೇ ಮುಗಿಸುತ್ತದೆ, ಆದರೆ ದನಿ ತುಸು ಸೊರಗುತ್ತದೆ. ಫೈಬರಿದ್ದವರಿಗೆ ಈ ಲೆಕ್ಕವೇ ಬೇಡ. ಅವರ ದನಿ ಒಡೆದರೆ ಕಾರಣ ವೇಗದ ಕೊರತೆಯಲ್ಲ, ತಡ ಮತ್ತು ಏರುಪೇರು. ಒಂದು ಕಡೆಯ ತಡ 150 ಮಿಲಿಸೆಕೆಂಡಿನೊಳಗಿದ್ದರೆ ಮಾತು ಸಲೀಸು. ಅದನ್ನು ಬಹಳ ಮೀರಿದರೆ ಇಬ್ಬರೂ ಒಟ್ಟಿಗೇ ‘ಹಲೋ’ ಎಂದು ಒಟ್ಟಿಗೇ ಸುಮ್ಮನಾಗುವ ಪ್ರಸಂಗ.

ಹಿನ್ನೆಲೆ

ಇಸ್ರೇಲಿನ ವೋಕಲ್‌ಟೆಕ್ ಕಂಪನಿ 1995ರಲ್ಲಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಮಾತಾಡುವ ತಂತ್ರಾಂಶವನ್ನು ಮಾರುಕಟ್ಟೆಗೆ ತಂದಿತು. ಕಂಪ್ಯೂಟರನ್ನು ಪಕ್ಕಕ್ಕಿಟ್ಟು ಮಾಮೂಲಿ ಫೋನನ್ನೇ ಜೋಡಿಸುವ ಪೆಟ್ಟಿಗೆಗಳು 2000ದ ಹೊತ್ತಿಗೆ ಬಂದವು. ಸಿಸ್ಕೋ ಕಂಪನಿಯ ಎಟಿಎ 186 ಅವುಗಳಲ್ಲಿ ಹೆಸರಾದದ್ದು. ಅಮೆರಿಕದ ಇಂಟರ್‌ನೆಟ್ ಫೋನ್ ಕಂಪನಿ ವೋನೇಜ್ ತನ್ನ ಗ್ರಾಹಕರಿಗೆ ಆರಂಭದಲ್ಲಿ ಕೊಟ್ಟದ್ದು ಇದನ್ನೇ.

ಕರ್ನಾಟಕದ ಹಳ್ಳಿಗಳಿಗೆ ಫೋನ್ ಬಂದ ದಾರಿ ಬೇರೆ. ಸಿ-ಡಾಟ್ ಸಂಸ್ಥೆಯ 128 ಸಾಲಿನ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ನೆಲೆಗೊಂಡದ್ದು 1986ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಅಂಥ ಸಣ್ಣ ಎಕ್ಸ್‌ಚೇಂಜುಗಳಿಂದಲೇ ಮುಂದೆ ಹಳ್ಳಿ ಮನೆಯ ಪಡಸಾಲೆಗೂ ಫೋನ್ ಬಂತು. ಹುಣಸೂರಿಗೆ 08222, ಕೆ.ಆರ್. ನಗರಕ್ಕೆ 08223, ಎಚ್.ಡಿ. ಕೋಟೆಗೆ 08228 ಎಂಬ ಎಸ್‌ಟಿಡಿ ಕೋಡುಗಳು ಲಗ್ನಪತ್ರಿಕೆಯ ಮೂಲೆಯಲ್ಲೂ ಲಾರಿಯ ಬಾಗಿಲ ಮೇಲೂ ಕಾಣುತ್ತಿದ್ದ ಕಾಲವದು. ಮೊಬೈಲ್ ಬಂದ ಮೇಲೆ ಆ ಸಾಲುಗಳು ಒಂದೊಂದಾಗಿ ಸತ್ತವು. ಉಳಿದವು ಈಗ ಫೈಬರ್ ಹತ್ತುತ್ತಿವೆ.

ಭಾರತದಲ್ಲಿ 2002ರ ಏಪ್ರಿಲ್ 1ರಿಂದ ಇಂಟರ್‌ನೆಟ್ ದೂರವಾಣಿಗೆ ಮಿತಿಯೊಳಗಿನ ಅನುಮತಿ ದೊರೆಯಿತು: ಕಂಪ್ಯೂಟರಿನಿಂದ ಕಂಪ್ಯೂಟರಿಗೆ, ಇಲ್ಲಿನ ಕಂಪ್ಯೂಟರಿನಿಂದ ಹೊರದೇಶದ ಫೋನಿಗೆ. ನಮ್ಮ ದೇಶದ ಫೋನ್ ಜಾಲಕ್ಕೆ ಕೊಂಡಿ ಹಾಕುವಂತಿರಲಿಲ್ಲ. ದೂರಸಂಪರ್ಕ ಇಲಾಖೆ 2018ರ ಜೂನಿನಲ್ಲಿ ಪರವಾನಗಿ ನಿಯಮ ಬದಲಿಸಿದ ಮೇಲೆ ಪರವಾನಗಿಯುಳ್ಳ ದೂರವಾಣಿ ಕಂಪನಿಗಳು ಇಂಟರ್‌ನೆಟ್ ಮೂಲಕ ನಂಬರು ಕೊಡಬಹುದಾಯಿತು. ಅದೇ ವರ್ಷ ಬಿಎಸ್‌ಎನ್‌ಎಲ್ ‘ವಿಂಗ್ಸ್’ ಎಂಬ ಸೇವೆ ತೆರೆಯಿತು, ವರ್ಷಕ್ಕೆ 1099 ರೂಪಾಯಿಗೆ.

ಪೆಟ್ಟಿಗೆಯ ಬೆನ್ನು ನೋಡುವುದು

ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಒಂದೇ. ಗೋಡೆಯ ಮೇಲಿನ ಫೈಬರ್ ಬಾಕ್ಸನ್ನು ಮೊಳೆಯಿಂದ ಮೆಲ್ಲಗೆ ಇಳಿಸಿ ಬೆನ್ನು ನೋಡಿ. ಹಸಿರು ಅಥವಾ ನೀಲಿ ಮೂತಿಯ ಹಳದಿ ಎಳೆಯೇ ಫೈಬರ್. ಅದನ್ನು ಮಡಿಸಬಾರದು, ಜಗ್ಗಬಾರದು. ಅದರ ಪಕ್ಕ ಅಗಲವಾದ ನಾಲ್ಕು ತೂತು ಇದ್ದರೆ ಅವು ನೆಟ್‌ವರ್ಕಿನವು. ಅವುಗಳಿಗಿಂತ ಕಿರಿದಾದ ಒಂದು ತೂತು, ಮೇಲೆ ‘ಫೋನ್’, ‘ಟೆಲ್’ ಅಥವಾ ‘ಪಾಟ್ಸ್’ ಎಂಬ ಅಚ್ಚು ಕಂಡರೆ ಅಡಾಪ್ಟರ್ ಹುಡುಕುವ ಕೆಲಸ ಅಲ್ಲಿಗೇ ಮುಗಿಯಿತು. ಫೋನಿನ ವೈರನ್ನು ಅದಕ್ಕೆ ಚುಚ್ಚಿ, ಕಂಪನಿಯವರಿಂದ ಧ್ವನಿ ಸೇವೆ ಚಾಲೂ ಮಾಡಿಸಿದರೆ ಆಯಿತು. ಬಿಎಸ್‌ಎನ್‌ಎಲ್, ಜಿಯೋ, ಏರ್‌ಟೆಲ್ ಮೂರೂ ಫೈಬರಿನ ಜೊತೆ ಲ್ಯಾಂಡ್‌ಲೈನ್ ನಂಬರು ಕೊಡುತ್ತವೆ.

ಕೆಲವರಿಗೆ ಇಂಥ ತೂತಿಲ್ಲದ ಬಾಕ್ಸ್ ಬಂದಿರುತ್ತದೆ. ಹಳ್ಳಿಗಳಲ್ಲಿ ಎಷ್ಟೋ ಕಡೆ ಫೈಬರ್ ಎಳೆಯುವವರು ಕೇಬಲ್ ಟಿವಿಯವರೇ. ಅಗ್ಗದ ಬಾಕ್ಸ್ ತಂದು ಹಾಕಿ, ‘ನೆಟ್ ಬರ್ತಾ ಇದೆಯಲ್ಲ ಸಾರ್’ ಎನ್ನುತ್ತಾರೆ. ಆಗಲೂ ಅಡಾಪ್ಟರ್ ಕೊಳ್ಳುವುದಕ್ಕಿಂತ ಬಾಕ್ಸ್ ಬದಲಿಸಿಕೊಡಿ ಎಂದು ಕೇಳುವುದು ಮೇಲು. ಸಿಪ್ ಹೆಸರು, ಗುಪ್ತಪದಗಳನ್ನು ಕಂಪನಿಯವರು ತಮ್ಮ ಬಾಕ್ಸಿನೊಳಗೇ ಬೀಗ ಹಾಕಿಡುವುದು ಸಾಮಾನ್ಯ. ಅವು ಕೈಗೆ ಸಿಗದಿದ್ದರೆ ಎಷ್ಟೇ ಒಳ್ಳೆಯ ಅಡಾಪ್ಟರ್ ತಂದರೂ ಅದು ಮೂಗ.

ಬೇರೆ ಅಡಾಪ್ಟರ್ ನಿಜಕ್ಕೂ ಬೇಕಾಗುವುದು ಇಬ್ಬರಿಗೆ. ಸಿಪ್ ವಿವರಗಳನ್ನು ಕೈಗೆ ಕೊಡುವ ಸೇವೆ ಪಡೆದವರು ಒಬ್ಬರು. ಹೊರದೇಶದ ನಂಬರಿಗೆ ದಿನವೂ ಮಾತಾಡುವವರು ಇನ್ನೊಬ್ಬರು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ, ಹುಣಸೂರು ತಾಲ್ಲೂಕಿನ ಗುರುಪುರದ ಟಿಬೆಟನ್ ನೆಲೆಗಳಲ್ಲಿ, ಮಕ್ಕಳು ಅಮೆರಿಕ, ಕೆನಡಾಗಳಲ್ಲಿರುವ ಕನ್ನಡದ ಮನೆಗಳಲ್ಲಿ ಈ ಎರಡನೆಯ ಬಗೆಯವರಿರುತ್ತಾರೆ. ವಾಟ್ಸಾಪ್ ಬಂದ ಮೇಲೆ ಇದರ ಅಗತ್ಯ ತಗ್ಗಿತು, ನಿಜ. ಆದರೂ ಪರದೆ ಒತ್ತಲು ಬಾರದ ಅಜ್ಜಿಗೆ ರಿಸೀವರ್ ಎತ್ತಿ ಕಿವಿಗಿಡುವುದು ಬರುತ್ತದೆ.

ಆರಿಸುವಾಗ

ಫೋನ್ ಸಿಕ್ಕಿಸುವ ತೂತಿಗೆ ಎಫ್‌ಎಕ್ಸ್‌ಎಸ್ ಎಂದು ಹೆಸರು. ಒಂದು ಮನೆಗೆ ಒಂದು ಸಾಕು. ಗ್ರ್ಯಾಂಡ್‌ಸ್ಟ್ರೀಮ್ ಎಚ್‌ಟಿ801 ಆ ಬಗೆಯದು, ಎಚ್‌ಟಿ802ರಲ್ಲಿ ಎರಡಿವೆ. ಎಫ್‌ಎಕ್ಸ್‌ಓ ಎಂದು ಬರೆದ ತೂತು ಬೇರೆಯೇ ಜಾತಿ. ಅದು ಹೊರಗಿನ ದೂರವಾಣಿ ಸಾಲನ್ನು ಪೆಟ್ಟಿಗೆಯೊಳಕ್ಕೆ ತರುವುದಕ್ಕೆ. ಹೊರದೇಶದಿಂದ ನೆಟ್‌ನಲ್ಲಿ ಬಂದ ಕರೆಯನ್ನು ಅದರ ಮೂಲಕ ಇಲ್ಲಿನ ಫೋನ್ ಜಾಲಕ್ಕೆ ದಾಟಿಸಿದರೆ ಪರವಾನಗಿಯಿಲ್ಲದ ಎಕ್ಸ್‌ಚೇಂಜ್ ನಡೆಸಿದಂತೆ, ಅದು ಅಪರಾಧ. ಮನೆಗೆ ಎಫ್‌ಎಕ್ಸ್‌ಓ ಇಲ್ಲದ ಪೆಟ್ಟಿಗೆಯೇ ಕ್ಷೇಮ.

ಸೆಕೆಂಡ್ ಹ್ಯಾಂಡ್ ಪೆಟ್ಟಿಗೆಗಳ ಆಸೆಗೆ ಬೀಳಬಾರದು. ವೋನೇಜ್‌ನಂಥ ಕಂಪನಿಗಳ ಹೆಸರಿರುವ ಹಳೆಯ ಲಿಂಕ್‌ಸಿಸ್ ಪೆಟ್ಟಿಗೆಗಳಿಗೆ ಆ ಕಂಪನಿಯ ಸೇವೆಯಲ್ಲಿ ಮಾತ್ರ ನಡೆಯುವಂತೆ ಬೀಗ ಹಾಕಿರಬಹುದು. ಅಮೆರಿಕದಿಂದ ಮಗ ತಂದ ಪೆಟ್ಟಿಗೆಯಾದರೆ ಪವರ್ ಅಡಾಪ್ಟರಿನ ಮೇಲೆ 100–240 ವೋಲ್ಟ್ ಎಂದಿದೆಯೇ ಓದಿ ನೋಡಬೇಕು. ಬರೀ 120 ಎಂದಿದ್ದರೆ ನಮ್ಮ ಪ್ಲಗ್ಗಿಗೆ ಹಾಕಿದ ಗಳಿಗೆಯಲ್ಲೇ ಹೊಗೆ. ಇಲ್ಲಿಯೇ ಕೊಳ್ಳುವುದಾದರೆ ಪವರ್ ಅಡಾಪ್ಟರಿನ ಮೇಲೆ ಬಿಐಎಸ್ ಗುರುತು ಇರಲಿ. ತಾಲ್ಲೂಕು ಕೇಂದ್ರದ ಮೊಬೈಲ್ ಅಂಗಡಿಗಳಲ್ಲಿ ಈ ಸರಕು ಸಿಗುವುದು ಕಷ್ಟ. ಆಫೀಸಿನ ಇಂಟರ್‌ಕಾಮ್, ಸಿಸಿಟಿವಿ ಹಾಕುವ ಮೈಸೂರಿನ ವ್ಯಾಪಾರಿಗಳನ್ನು ಕೇಳಬೇಕು, ಇಲ್ಲವೇ ಆನ್‌ಲೈನಿನಲ್ಲಿ ತರಿಸಬೇಕು.

ಪೆಟ್ಟಿಗೆ ಬಂದ ಮೇಲೆ ಮೂರು ಹೊಂದಿಕೆ ಮರೆಯಬಾರದು. ಮೊದಲನೆಯದು ಗುಪ್ತಪದ: ಕಾರ್ಖಾನೆಯಿಂದ ಬಂದ ‘ಅಡ್ಮಿನ್’ ಹಾಗೇ ಉಳಿದರೆ ಯಾವನೋ ನಿಮ್ಮ ಖಾತೆಯಲ್ಲಿ ಹೊರದೇಶಕ್ಕೆ ಮಾತಾಡಿ ಬಿಲ್ಲು ನಿಮಗೆ ಕಳಿಸುತ್ತಾನೆ. ಎರಡನೆಯದು ಕಾಲರ್ ಐಡಿ. ಹೊರದೇಶಕ್ಕೆಂದು ಮಾಡಿದ ಪೆಟ್ಟಿಗೆಗಳು ಎಫ್‌ಎಸ್‌ಕೆ ಎಂಬ ಪದ್ಧತಿಯಲ್ಲಿ ನಂಬರು ಕಳಿಸುತ್ತವೆ. ನಮ್ಮ ಲ್ಯಾಂಡ್‌ಲೈನ್‌ಗಳಲ್ಲಿ ರೂಢಿಯಾದದ್ದು ಡಿಟಿಎಂಎಫ್. ಫೋನಿನ ಪುಟ್ಟ ಪರದೆಯಲ್ಲಿ ನಂಬರು ಮೂಡದಿದ್ದರೆ ಇದನ್ನು ಬದಲಿಸಿ ನೋಡಬೇಕು. ಮೂರನೆಯದು ರೂಟರಿನಲ್ಲಿರುವ ‘ಸಿಪ್ ಎಎಲ್‌ಜಿ’ ಎಂಬ ಸೌಲಭ್ಯ. ಹೆಸರಿಗೆ ಸಹಾಯಕ, ಮಾಡುವುದು ಬಹಳ ಸಲ ತೊಂದರೆ. ನಿಮ್ಮ ಮಾತು ಅವರಿಗೆ ಕೇಳಿ ಅವರದು ನಿಮಗೆ ಕೇಳದಿದ್ದರೆ ಮೊದಲು ಇದನ್ನು ಆಫ್ ಮಾಡಿ.

ಬೆರಳು ಹಾಕಿ ತಿರುಗಿಸುವ ಬೆಂಗಳೂರು ಐಟಿಐ ಕಾರ್ಖಾನೆಯ ಕರಿ ಫೋನನ್ನು ನೆನಪಿಗೆಂದು ಇಟ್ಟುಕೊಂಡವರು ಗಮನಿಸಬೇಕಾದ್ದೊಂದಿದೆ. ಬಹುಪಾಲು ಅಡಾಪ್ಟರುಗಳಲ್ಲಿ ಅದು ಗಂಟೆ ಬಾರಿಸುತ್ತದೆ, ಮಾತೂ ಕೇಳುತ್ತದೆ. ಡಯಲ್ ಮಾಡಿದರೆ ಮಾತ್ರ ನಂಬರು ಹೋಗುವುದಿಲ್ಲ. ‘ಪಲ್ಸ್ ಡಯಲಿಂಗ್’ ಇದೆ ಎಂದು ಸ್ಪಷ್ಟವಾಗಿ ಬರೆದಿರುವ ಮಾದರಿ ಬೇಕು.

ಕರೆಂಟು ಮತ್ತು ಮನೆಯ ವೈರಿಂಗ್

ಈ ಸೀಮೆಯಲ್ಲಿ ಪೆಟ್ಟಿಗೆಗಿಂತ ದೊಡ್ಡ ಪ್ರಶ್ನೆ ಕರೆಂಟಿನದು. ಮಳೆಗಾಲದ ಒಂದು ಗಾಳಿಗೆ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ಹಳ್ಳಿಯಲ್ಲಿ ಕರೆಂಟು ಬರುವುದು ಮಾರನೆಯ ದಿನ. ಹಾಗಾಗಿ ಅಡಾಪ್ಟರಿನ ಜೊತೆಗೇ ಪುಟ್ಟ ಯುಪಿಎಸ್ ಒಂದನ್ನು ಕೊಳ್ಳುವುದು ಅಗತ್ಯ. ಇಲ್ಲಿ ಎಡವುವುದು ಸುಲಭ: ಫೈಬರ್ ಬಾಕ್ಸ್ ಸಾಮಾನ್ಯವಾಗಿ 12 ವೋಲ್ಟಿನದು, ಕೆಲವು ಅಡಾಪ್ಟರುಗಳು 5 ವೋಲ್ಟಿನವು. ಎರಡರ ಪಿನ್ನೂ ಒಂದೇ ಅಳತೆಯಲ್ಲಿದ್ದು ಅದಲುಬದಲಾದರೆ ಅಡಾಪ್ಟರ್ ಸುಟ್ಟಂತೆಯೇ. ಪಿನ್ನಿಗೆ ಬಣ್ಣದ ಟೇಪು ಸುತ್ತಿಡುವುದು ಒಳ್ಳೆಯದು.

ಮನೆಯಲ್ಲಿ ಯುಪಿಎಸ್ ಇದ್ದರೂ ಕೆಲಸ ಅರ್ಧವೇ. ಫೈಬರ್ ದಾರಿಯಲ್ಲಿ ಕಂಬದ ಮೇಲೆ ಕವಲೊಡೆಯುವ ಡಬ್ಬಿಗೆ ಕರೆಂಟು ಬೇಡ, ಆದರೆ ಆಪರೇಟರ್ ಕೋಣೆಯಲ್ಲಿರುವ ಓಎಲ್‌ಟಿ ಎಂಬ ಯಂತ್ರಕ್ಕೆ ಬೇಕು. ಸಂಪರ್ಕ ಪಡೆಯುವಾಗ ವೇಗ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ‘ನಿಮ್ಮ ಓಎಲ್‌ಟಿಗೆ ಬ್ಯಾಟರಿ ಎಷ್ಟು ಗಂಟೆ ಬರುತ್ತದೆ?’ ಎಂದು ಕೇಳುವುದು ಅದಕ್ಕಿಂತ ಉಪಯೋಗದ್ದು.

ಹಳೆಯ ಮನೆಯಲ್ಲಿ ಹಾಲಿನಿಂದ ಅಡುಗೆಮನೆಗೆ, ಅಲ್ಲಿಂದ ಮಹಡಿಗೆ ಫೋನಿನ ವೈರು ಗೋಡೆಯೊಳಗೇ ಓಡಿರುತ್ತದೆ. ಅಡಾಪ್ಟರನ್ನು ಈ ವೈರಿಂಗಿಗೇ ಜೋಡಿಸಿದರೆ ಎಲ್ಲ ಕೋಣೆಯ ಫೋನುಗಳೂ ಬಾರಿಸುತ್ತವೆ. ಆದರೆ ಅದಕ್ಕೆ ಮೊದಲು ಬಾಗಿಲ ಮೇಲಿನ ರೋಸೆಟ್ ಬಾಕ್ಸ್ ಬಿಚ್ಚಿ, ಕಂಬದಿಂದ ಬಂದ ತಂತಿಯ ಎರಡು ಸ್ಕ್ರೂ ಸಡಿಲಿಸಿ ಅದನ್ನು ಪೂರ್ತಿ ಬೇರ್ಪಡಿಸಬೇಕು. ಎಕ್ಸ್‌ಚೇಂಜಿನ 48 ವೋಲ್ಟ್ ಅದರಲ್ಲಿ ಇನ್ನೂ ಜೀವಂತವಿದ್ದರೆ ಅಡಾಪ್ಟರಿನ ತೂತು ಸುಡಬಹುದು. ಅದು ಸತ್ತ ತಂತಿಯೇ ಆದರೂ ಸಿಡಿಲಿಗೆ ದಾರಿ ತೆರೆದಿಟ್ಟಂತಾಗುತ್ತದೆ.

ಫೈಬರ್ ತಲುಪದ ಮನೆಗಳು

ನಾಗರಹೊಳೆ, ಬಂಡೀಪುರದ ಅಂಚಿನ ಎಚ್.ಡಿ. ಕೋಟೆ, ಸರಗೂರು ಕಡೆಯ ಹಾಡಿಗಳು, ಒಂಟಿ ತೋಟದ ಮನೆಗಳ ಲೆಕ್ಕವೇ ಬೇರೆ. ಅಲ್ಲಿ ನೆಟ್ ಎಂದರೆ ಸಿಮ್ ಹಾಕಿದ 4ಜಿ ರೂಟರ್. ಅದರ ಮೇಲೆ ಅಡಾಪ್ಟರ್ ಕೂರಿಸಬಹುದು, ಜಿ.729 ಆರಿಸಿದರೆ ಮಾತೂ ಬರುತ್ತದೆ, ಆದರೆ ಟವರಿನ ಏರುಪೇರಿಗೆ ದನಿ ನಡುನಡುವೆ ನುಂಗಿಹೋಗುತ್ತದೆ. ಅಂಥ ಮನೆಗೆ ಸಿಮ್ ಹಾಕುವ ಟೇಬಲ್ ಫೋನೇ ವಾಸಿ. ಕೊಳ್ಳುವಾಗ 4ಜಿ ಕರೆ ನಡೆಯುತ್ತದೆಯೇ ನೋಡಬೇಕು. 2ಜಿ ಮಾತ್ರ ಇರುವ ಅಗ್ಗದ ಮಾದರಿಯಲ್ಲಿ ಜಿಯೋ ಸಿಮ್ ನಡೆಯುವುದಿಲ್ಲ. ಇದಕ್ಕೆ ತಿರುಗುಮುರುಗಾಗಿ, ಫೈಬರಿದ್ದೂ ಮನೆಯೊಳಗೆ ಟವರ್ ಸಿಗದವರು ಮೊಬೈಲಿನ ವೈ-ಫೈ ಕಾಲಿಂಗ್ ಆನ್ ಮಾಡಿಕೊಂಡರೆ ಸಾಕು.

ತುರ್ತಿಗೆ ಅಡಾಪ್ಟರೊಂದನ್ನೇ ನಂಬಬಾರದು. ಮೊಬೈಲ್ ಆಪ್‌ನಲ್ಲೂ ನಡೆಯುವ ಸಿಪ್ ನಂಬರು ಯಾವ ಊರಲ್ಲಿದ್ದರೂ ಬಾರಿಸುವುದರಿಂದ, 108 ಅಥವಾ 112ಕ್ಕೆ ಕರೆ ಹೋದರೂ ನೀವು ಎಲ್ಲಿದ್ದೀರಿ ಎಂಬುದು ಅದರಿಂದ ತಿಳಿಯದಿರಬಹುದು.

ಹಳೆಯ ನಂಬರು ಉಳಿಯಬೇಕೆನ್ನುವವರಿಗೆ ಇನ್ನೊಂದು ವಿಷಯ. ನಂಬರು ಹಾಗೇ ಇಟ್ಟುಕೊಂಡು ಕಂಪನಿ ಬದಲಿಸುವ ಸೌಲಭ್ಯ ನಮ್ಮಲ್ಲಿ ಮೊಬೈಲಿಗಷ್ಟೇ ಇದೆ, ಲ್ಯಾಂಡ್‌ಲೈನಿಗಿಲ್ಲ. ಬಿಎಸ್‌ಎನ್‌ಎಲ್‌ನ ತಾಮ್ರದ ಸಾಲಿನ ನಂಬರು ಬಿಎಸ್‌ಎನ್‌ಎಲ್ ಫೈಬರಿನಲ್ಲಿ ಮಾತ್ರ ಮುಂದುವರಿಯಬಲ್ಲದು. ಕೌಂಟರಿನಲ್ಲಿ ಅರ್ಜಿಗೆ ಸಹಿ ಹಾಕುವ ಮುನ್ನ ಅದರಲ್ಲಿ ‘ಫೈಬರಿಗೆ ಪರಿವರ್ತನೆ’ ಎಂದಿದೆಯೋ ‘ಸರೆಂಡರ್’ ಎಂದಿದೆಯೋ ಓದಿ ನೋಡಿ.