ಕಾವಲಿನ ಹುಲ್ಲು

ಪುಣೆಯ ಖಾಲಿ ನಿವೇಶನಗಳಲ್ಲಿ ಬಿಳಿಯ ಹೂ ಬಿಡುವ ಕಾಂಗ್ರೆಸ್ ಗಿಡವನ್ನು ನಾವೆಲ್ಲರೂ ಬಲ್ಲೆವು. ಭಾರತದಲ್ಲಿ ಅದನ್ನು ಗುರುತಿಸಿ ದಾಖಲಿಸಿದ್ದು 1955ರಲ್ಲಿ, ನಾವು ನೆಲೆಸಿರುವ ಈ ನಗರದಲ್ಲಿಯೇ. ಮುಂದೆ ಅದು ನಮ್ಮ ತೌರುನಾಡಿನ ಹುಲ್ಲುಗಾವಲುಗಳನ್ನೂ ಹೊಕ್ಕಿತು. ರಜೆಗೆ ಊರಿಗೆ ಹೋದಾಗ ಕಾವಲಿನಲ್ಲಿ ಅದನ್ನು ಕಂಡು, ನಮಗಿಂತ ಮೊದಲೇ ಪುಣೆಯ ನೆಂಟ ಬಂದಿದ್ದಾನೆಂದು ನಗುತ್ತೇವೆ. ದನ ಅದನ್ನು ಮೂಸಿ ಮುಂದೆ ಹೋದಾಗ ನಗು ನಿಲ್ಲುತ್ತದೆ.

ಆ ಕಾವಲುಗಳ ಚರಿತ್ರೆ ಅಲ್ಪವಾದುದಲ್ಲ. ಚಿಕ್ಕದೇವರಾಜ ಒಡೆಯರು 17ನೆಯ ಶತಮಾನದ ಕೊನೆಯಲ್ಲಿ ‘ಬೆಣ್ಣೆ ಚಾವಡಿ’ಯನ್ನು ಏರ್ಪಡಿಸಿ, ಮೈಸೂರು ಸೀಮೆಯ ನಾನಾ ಕಡೆ ಅದಕ್ಕೆ ಹುಲ್ಲುಗಾವಲುಗಳನ್ನು ಬಿಟ್ಟುಕೊಟ್ಟರು. ಹೈದರನ ದಂಡಿನ ಫಿರಂಗಿಗಳನ್ನು ಎಳೆದದ್ದು ಈ ತಳಿಯ ಎತ್ತುಗಳೇ. ಟಿಪ್ಪು ಅದಕ್ಕೆ ‘ಅಮೃತಮಹಲ್’ ಎಂದು ಹೆಸರಿಟ್ಟು, ಅದರ ಆಡಳಿತಕ್ಕೆ ಹುಕುಂನಾಮೆಯನ್ನೇ ಹೊರಡಿಸಿದನು.

ನಮ್ಮ ದೃಷ್ಟಿಯಲ್ಲಿ ಎತ್ತಿಗಿಂತ ದೊಡ್ಡದು ಹುಲ್ಲಿನ ಕಟ್ಟಳೆ. ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಗೆಗೊಂದು ಎಂದು ಕಾವಲುಗಳು ಬೇರೆಬೇರೆ. ಬೇಸಗೆಯದಕ್ಕೆ ನೀರೂ ನೆರಳೂ ಇರಬೇಕು. ಸೇರ್ವೆಗಾರರು ಮಂದೆಯನ್ನು ಒಂದರಿಂದ ಇನ್ನೊಂದಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ಬಿಟ್ಟು ಬಂದ ಕಾವಲಿನಲ್ಲಿ ಹುಲ್ಲು ತೆನೆಗಟ್ಟಿ ಬೀಜ ಉದುರಿಸುತ್ತಿತ್ತು.

1860ರಲ್ಲಿ ಖರ್ಚು ಉಳಿಸುವ ನೆಪದಿಂದ ಆಂಗ್ಲರು ಮಂದೆಯನ್ನು ಮಾರಿಬಿಟ್ಟರು. 1866ರಲ್ಲಿ ತಾವೇ ಮತ್ತೆ ಕಟ್ಟಿದರು. ಎತ್ತು ಮರಳಿ ಬಂದಿತು, ನೆಲ ಬರಲಿಲ್ಲ. ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ್ದ ಕಾವಲಿನಲ್ಲಿ ಇಂದು ಐದರಲ್ಲೊಂದು ಪಾಲೂ ಉಳಿದಿಲ್ಲ. ಉಳಿದುದರಲ್ಲಿಯೂ ಕೆಲವೆಡೆ ಬಂಜರೆಂದು ಬಗೆದು ನೀಲಗಿರಿ ನೆಟ್ಟರು. ಹುಲ್ಲುನೆಲವನ್ನು ಬಂಜರೆಂದವರಿಗೆ ಏನೆನ್ನೋಣ!

ಸೌದೆಗೆಂದು 1870ರ ದಶಕದಲ್ಲಿ ಭಾರತಕ್ಕೆ ತಂದ ಬಳ್ಳಾರಿ ಜಾಲಿಯ ಬಗೆ ಬೇರೆ. ದನಕುರಿಗಳು ಅದರ ಸಿಹಿಕಾಯಿಯನ್ನು ತಿನ್ನುತ್ತವೆ, ಬೀಜವು ಸಗಣಿಯೊಡನೆ ಹೊಸ ನೆಲಕ್ಕೆ ಬೀಳುತ್ತದೆ. ಮೇಲೆ ಕಡಿದರೆ ಒಂದು ಕಾಂಡವಿದ್ದಲ್ಲಿ ಹತ್ತು ಚಿಗುರು. ಆದುದರಿಂದ ಬುಡವನ್ನು ನೆಲದೊಳಗಿನಿಂದಲೇ ಅಗೆದು ತೆಗೆಯಬೇಕು. ಕಾಂಗ್ರೆಸ್ ಗಿಡವನ್ನಾದರೋ ಹೂ ಬಿಡುವ ಮುನ್ನ ಕೀಳಬೇಕು. ಅದರ ಎಲೆ ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಅದು ಮಳೆಗಾಲದಲ್ಲಿ ದುಡಿಯುತ್ತದೆ, ಬೇಸಗೆಯಲ್ಲಿ ಮಣ್ಣೊಳಗೆ ಮಲಗುತ್ತದೆ.

ನಮ್ಮೂರುಗಳಲ್ಲಿ ಇಂದು ಮುಳ್ಳು ಕಡಿಸುವ ಉತ್ಸಾಹಕ್ಕೆ ಕೊರತೆಯಿಲ್ಲ. ಕಡಿಸಿದ ಮೇಲೆ ಒಂದೆರಡು ಮಳೆಗಾಲ ದನವನ್ನು ತಡೆದು ನಿಲ್ಲಿಸುವವರು ಬೇಕು. ಆ ಕೆಲಸವನ್ನು ಹಿಂದೆ ಸೇರ್ವೆಗಾರರು ಮಾಡುತ್ತಿದ್ದರು. ಕಡಿದ ವರ್ಷವೇ ಮಂದೆ ಬಿಟ್ಟಲ್ಲಿ ಹುಲ್ಲು ಬೇರೂರುವುದಿಲ್ಲ. ಸಗಣಿಯೊಡನೆ ಜಾಲಿಯೇ ಮರಳುತ್ತದೆ.